ಕತ್ತಿನ ಕಪ್ಪು ಕೊಳೆಯಲ್ಲ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ಡಯಟಿಶಿಯನ್. ಉಡುಪಿ, ಕುಂದಾಪುರ ಕಡೆಯವರು ಇಲ್ಲಿ ಜಾಸ್ತಿ, ಹಾಗಾಗಿ ಮಾತೆಲ್ಲ ಕನ್ನಡದಲ್ಲೇ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಅಂತ ಯಾರೇ ಬಂದರೂ ತೂಕಕ್ಕಿಂತ ಮೊದಲು ಕತ್ತು ನೋಡುತ್ತೇನೆ. ತೆಳ್ಳಗಿದ್ದವರಲ್ಲೂ ನೋಡುತ್ತೇನೆ. ಇದನ್ನು ಕಲಿಸಿದ್ದು ಒಬ್ಬ ಹುಡುಗಿ.

19 ವರ್ಷ. ಮುಟ್ಟು ಮೂರು ತಿಂಗಳಿಗೊಮ್ಮೆ. ಗದ್ದದ ಮೇಲೆ ಒರಟು ಕೂದಲು. ಕತ್ತಿನ ಹಿಂದೆ ಚರ್ಮ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ಅದರ ಮೇಲೆ ಕೆಂಪು ಗೀರುಗಳು.

"ಎಷ್ಟು ಹೇಳಿದ್ರೂ ಸರಿಯಾಗಿ ಉಜ್ಜಿಕೊಳ್ಳಲ್ಲ ಮೇಡಂ" ಅಂದರು ತಾಯಿ. ಕಡಲೆಹಿಟ್ಟು, ನಿಂಬೆರಸ ಹಚ್ಚಿ ತೆಂಗಿನ ನಾರಿನಿಂದ ತಾವೇ ಉಜ್ಜುತ್ತಿದ್ದರಂತೆ. ಹುಡುಗಿ ತಲೆ ಎತ್ತಲೇ ಇಲ್ಲ. ನನಗೆ ಕರುಳು ಚುರುಕ್ ಅಂದಿತು.

"ಅಕ್ಕಾ, ಇದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಆದಾಗ ಚರ್ಮ ಹೀಗಾಗುತ್ತೆ" ಅಂದೆ.

ಅವಳ ಸಕ್ಕರೆ ಸರಿಯಾಗೇ ಇತ್ತು. ಅದಕ್ಕೇ ಯಾರೂ ಇನ್ಸುಲಿನ್ ಮಾತೆತ್ತಿರಲಿಲ್ಲ. ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಓಗೊಡದಿದ್ದರೆ ಪ್ಯಾಂಕ್ರಿಯಾಸ್ ಇನ್ನಷ್ಟು ಸುರಿಯುತ್ತದೆ, ಸಕ್ಕರೆ ಹಿಡಿತದಲ್ಲೇ ಉಳಿಯುತ್ತದೆ. ಆದರೆ ಅಂಡಾಶಯ ಆ ಇನ್ಸುಲಿನ್‌ಗೆ ಓಗೊಡುತ್ತಲೇ ಇರುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನಿನ ಜೊತೆ ಸೇರಿ ಇನ್ಸುಲಿನ್ ಅಲ್ಲಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ. ಜೊತೆಗೆ, ಲಿವರ್ ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೊಟೀನು ಕಡಿಮೆಯಾಗುತ್ತದೆ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಡುವುದೇ ಅದು. ಹಿಡಿದಿಡುವವರು ಕಡಿಮೆಯಾದರೆ ಬಿಡಿಯಾಗಿ ಓಡಾಡುವುದು ಜಾಸ್ತಿ, ಅಲ್ವಾ? ಅವಳ ರಿಪೋರ್ಟಿನಲ್ಲೂ ಒಟ್ಟು ಟೆಸ್ಟೋಸ್ಟೆರಾನ್ ಮಿತಿಯೊಳಗೇ ಇತ್ತು, ಬಿಡಿಯಾಗಿದ್ದದ್ದು ಮಾತ್ರ ಮೇಲೇರಿತ್ತು. ಒಟ್ಟು ಅಂಕಿಯೊಂದನ್ನೇ ನೋಡಿ ಸುಮ್ನೆ ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಡಾಕ್ಟರ್, ಮೈ ಇನ್ಸುಲಿನ್ನಿಗೆ ಓಗೊಡಲು ನೆರವಾಗುವ ಮಾತ್ರೆ ಮೆಟ್‌ಫಾರ್ಮಿನ್ ಬರೆದಿದ್ದರು. ಊಟದ ಜವಾಬ್ದಾರಿ ನನ್ನದು. ಅನ್ನ ಬಿಡಿಸಲಿಲ್ಲ. ಬಿಡಿಸಿದರೆ ನಮ್ಮವರು ಎಂಟೇ ದಿನಕ್ಕೆ ಪಥ್ಯವನ್ನೇ ಬಿಟ್ಟುಬಿಡುತ್ತಾರೆ. ಕುಚ್ಚಲಕ್ಕಿ ಅನ್ನ ಅರ್ಧ ಮಾಡಿ, ಹೆಸರುಕಾಳಿನ ಗಸಿ, ಬಸಳೆ, ಬಂಗುಡೆ ಹೆಚ್ಚಿಸಿದೆ. ಬೆಳಿಗ್ಗೆ ಬರೀ ಸಿಹಿ ಚಹಾ ಕುಡಿದು ಓಡುವುದು ನಿಂತಿತು, ಎರಡು ಮೊಟ್ಟೆ ಬಂತು. ಕಲ್ಯಾಣದ ಕಾಲೇಜಿನಿಂದ ಬರುವಾಗ ಒಂದು ಸ್ಟೇಷನ್ ಮೊದಲೇ, ಠಾಕುರ್ಲಿಯಲ್ಲಿ, ಲೋಕಲ್ ರೈಲು ಇಳಿದು ನಡೆದೇ ಮನೆಗೆ ಬರತೊಡಗಿದಳು. ನಡೆಯುವ ಸ್ನಾಯು ಸಕ್ಕರೆಯನ್ನು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ಎಳೆದುಕೊಳ್ಳುತ್ತದೆ.

ಐದು ತಿಂಗಳಲ್ಲಿ 74 ಕಿಲೋ 69ಕ್ಕೆ ಇಳಿಯಿತು. ಅಷ್ಟಕ್ಕೇ ಮುಟ್ಟು ಸರಿಹೋಯಿತು. ಗದ್ದದ ಕೂದಲಿಗೆ ಇನ್ನೂ ತಡವಾಯಿತು. ಅದಕ್ಕೆ ಕಡಿಮೆಯೆಂದರೂ ಆರು ತಿಂಗಳು ಬೇಕು ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಹುಡುಗಿಯರು ಮನಸ್ಸು ಮುರಿದುಕೊಳ್ಳುತ್ತಾರೆ.

ಮೊನ್ನೆ ಆ ತಾಯಿ ತಮ್ಮ ತಂಗಿಯ ಮಗಳನ್ನು ಕರೆತಂದರು. ಕೂರುವ ಮೊದಲೇ ಅವಳ ಜಡೆ ಎತ್ತಿ, "ನೋಡಿ ಮೇಡಂ, ನಾನು ಉಜ್ಜೋಕೆ ಬಿಡಲಿಲ್ಲ" ಅಂದರು.