ಬಾಬಿನ್ ಖಾಲಿಯಾದಾಗ ಎದ್ದು ನಿಲ್ಲಿ: ಮಂಡಿ ನೋವಿಗೆ ನಾನು ಮಾಡುವ ಕಸರತ್ತು

ಮೈಸೂರಿನಲ್ಲಿ 26 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಷೀನಿಗೆ ಮೋಟಾರ್ ಹಾಕಿಸಿದ ಮೇಲೆ ಕಾಲಿಗೆ ಆರಾಮ ಅಂದುಕೊಂಡಿದ್ದೆ. ತುಳಿಯುವುದು ನಿಂತಿತು, ಕೂತ ಜಾಗದಿಂದ ಏಳುವುದೂ ಕಮ್ಮಿಯಾಯಿತು. ಎರಡು ವರ್ಷ ಕಳೆದ ಮೇಲೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಚಾಪೆ ಮೇಲೆ ಊಟಕ್ಕೆ ಕೂತವಳಿಗೆ ಏಳಲು ಆಗಲಿಲ್ಲ. ತಂಗಿ ಎರಡೂ ಕೈ ಹಿಡಿದು ಎತ್ತಿದಳು. ಆಗ ನನಗೆ 49.

"ಮಂಡಿ ಸವೆದಿದೆ, ಜಾಸ್ತಿ ಓಡಾಡಬೇಡ" ಅಂತ ಎಲ್ಲರೂ ಹೇಳಿದರು. ಆರು ತಿಂಗಳು ಹಾಗೇ ಇದ್ದೆ. ನೋವೂ ಏರಿತು, ತೂಕವೂ ಏರಿತು. ಕೊನೆಗೆ ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ನನ್ನ ತೊಡೆಯ ಮುಂಭಾಗ ಒತ್ತಿ ನೋಡಿ, "ಆಂಟಿ, ಇಲ್ಲಿ ಶಕ್ತಿಯೇ ಇಲ್ಲ, ಭಾರವೆಲ್ಲ ಮಂಡಿ ಮೇಲೆ ಬೀಳ್ತಿದೆ" ಅಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಮಂಡಿಯೊಳಗೆ ಎಲುಬಿನ ತುದಿಗೆ ನುಣುಪಾದ ಮೆತ್ತೆ ಇರುತ್ತದೆ. ಅದಕ್ಕೆ ರಕ್ತನಾಳ ಇಲ್ಲ. ಕೀಲಿನೊಳಗಿನ ನೀರಿನಿಂದಲೇ ಅದಕ್ಕೆ ಪೋಷಣೆ. ಕಾಲು ಆಡಿಸಿದರೆ ಆ ನೀರು ಮೆತ್ತೆಗೆ ಇಳಿಯುತ್ತದೆ. ಮಷೀನಿಗೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬರಿದೇ ಓಡಿಸುತ್ತೇವಲ್ಲ, ನನಗೆ ಅದೇ ನೆನಪಾಯಿತು.

ಮೊದಲ ಕಸರತ್ತು ಹಾಸಿಗೆಯಲ್ಲೇ ಆಗುತ್ತದೆ. ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗಿಡಿ. ಕಾಲು ಚಾಚಿ, ಮಂಡಿಯಿಂದ ಟವೆಲನ್ನು ಹಾಸಿಗೆಗೆ ಒತ್ತಿ. ತೊಡೆ ಮೇಲೆ ಕೈ ಇಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ, ಮಂಡಿಚಿಪ್ಪು ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಐದು ಎಣಿಸಿ ಬಿಡಿ. ಒಂದೊಂದು ಕಾಲಿಗೆ ಹತ್ತು ಸಲ. ಉಸಿರು ಕಟ್ಟಬೇಡಿ. ಮೊದಲ ವಾರ ನನ್ನ ಬಲಗಾಲಿನ ತೊಡೆ ಗಟ್ಟಿಯಾಗುತ್ತಲೇ ಇರಲಿಲ್ಲ, ಬರೀ ನಡುಗುತ್ತಿತ್ತು. ಬಿಡದೆ ಮಾಡಿದೆ. ಮೂರನೇ ವಾರಕ್ಕೆ ಹಿಡಿತ ಬಂತು.

ಆಮೇಲೆ ಕುರ್ಚಿ. ಗೋಡೆಗೆ ಒತ್ತಿಟ್ಟ, ಗಟ್ಟಿ ಕುರ್ಚಿಯೇ ಬೇಕು. ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ. ತುದಿಗೆ ಕೂತು, ಪಾದ ನೆಲಕ್ಕೆ ಊರಿ, ಕೈ ಎದೆಗೆ ಕಟ್ಟಿ ಎದ್ದು ನಿಲ್ಲಿ. ಕೂರುವಾಗ ಧೊಪ್ಪಂತ ಕೂರಬೇಡಿ, ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ನಿಜವಾದ ಕೆಲಸ ಆಗುವುದು ಈ ಇಳಿಯುವುದರಲ್ಲೇ. ಐದರಿಂದ ಶುರು ಮಾಡಿ ಹತ್ತಕ್ಕೆ ಬನ್ನಿ. ಮೊದಮೊದಲು ಕೈ ಊರಿ ಎದ್ದರೂ ಪರವಾಗಿಲ್ಲ.

ಹಾಲು ಕಾಯುವಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ ಸಾಕು.

ಕಸರತ್ತು ಹತ್ತು ನಿಮಿಷದ್ದು. ಉಳಿದ ಹೊತ್ತು ಹೇಗೆ ಕೂರುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ ಅಲ್ವಾ? ಈಗ ನಾನು ಬಾಬಿನ್, ಅಂದರೆ ಮಷೀನಿನ ಕೆಳಗಿನ ದಾರ ಸುತ್ತುವ ಸಣ್ಣ ಉರುಳೆ, ಪೂರ್ತಿ ತುಂಬಿಸುವುದಿಲ್ಲ, ಅರ್ಧ ಮಾತ್ರ. ಖಾಲಿಯಾದಾಗೆಲ್ಲ ಎದ್ದು ನಿಂತು, ಬಾಗಿಲವರೆಗೆ ಹೋಗಿ ಬಂದು ತುಂಬಿಸುತ್ತೇನೆ. ಇಸ್ತ್ರಿ ಪೆಟ್ಟಿಗೆ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇತ್ತು, ರೂಮಿನ ಆಚೆ ತುದಿಗೆ ಸರಿಸಿದೆ. ಒಂದೊಂದು ಜೋಡಣೆಗೂ ಎದ್ದು ಹೋಗಲೇಬೇಕು. ನಿಮ್ಮದು ಆಫೀಸಿನ ಕೆಲಸವಾದರೆ ದೊಡ್ಡ ನೀರಿನ ಬಾಟಲಿ ಬಿಟ್ಟು ಸಣ್ಣ ಲೋಟ ಇಟ್ಟುಕೊಳ್ಳಿ.

ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆಯುತ್ತೇನೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಶುಗರ್ ಇರುವವರಿಗೂ ಒಳ್ಳೆಯದು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಮ್ಮಿಯಾಗುತ್ತದೆ. ನಾನು ಒಂದು ವರ್ಷದಲ್ಲಿ ಇಳಿಸಿದ್ದು ಐದು ಕಿಲೋ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನ ನೋವು ಮುಂಚಿಗಿಂತ ಜಾಸ್ತಿ ಇದ್ದರೆ ಸಲ ಕಮ್ಮಿ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಆದರೆ ಮಂಡಿ ಕೆಂಪಾಗಿ ಬಿಸಿಯಾದರೆ, ಊದಿಕೊಂಡರೆ, ಮಡಿಚಿದ ಕಾಲು ಸಿಕ್ಕಿಹಾಕಿಕೊಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಕಸರತ್ತು ಬಿಟ್ಟು ಆವತ್ತೇ ಡಾಕ್ಟರ ಹತ್ತಿರ ಹೋಗಿ.

ಈ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿಯ ಹತ್ತಿರ ಕೂತು ನೀರು ಕುಡಿದು ಮತ್ತೆ ಹತ್ತಿದೆ. ಇಳಿಯುವಾಗಲೇ ಮಂಡಿಗೆ ಹೊರೆ ಜಾಸ್ತಿ, ಅದಕ್ಕೆ ಬಸ್ಸಿಗೆ ಬಂದೆ. ನೀವು ಹೋದರೂ ಹಾಗೇ ಮಾಡಿ.

ದಸರಾ, ಮದುವೆ ಸೀಸನ್‌ನಲ್ಲಿ ನನಗೂ ಎಲ್ಲ ಮಾಡಲು ಆಗುವುದಿಲ್ಲ. ಆಗ ಎರಡೇ ಇಟ್ಟುಕೊಳ್ಳುತ್ತೇನೆ: ಹಾಸಿಗೆ ಬಿಡುವ ಮುಂಚೆ ಟವೆಲ್, ಹೊಲಿಯುವಾಗ ಅರ್ಧ ಬಾಬಿನ್.