ಜೆರ್ಮಾಟ್‌ನಲ್ಲಿ ಹೊರಡದೆ ನಿಂತ ರೈಲು

2018ರ ಜನವರಿ 8, ಸೋಮವಾರ. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ನಿಲ್ದಾಣದಲ್ಲಿ ಪುಟ್ಟ ಕೆಂಪು ರೈಲು ಹತ್ತಿ ಕುಳಿತು ಒಂದು ಗಂಟೆಯಾಗಿತ್ತು. ಒಳಗೆ ಬೆಚ್ಚಗಿತ್ತು, ರೈಲು ಮಾತ್ರ ಅಲ್ಲಾಡಲಿಲ್ಲ. ಜರ್ಮನ್ ಪ್ರಕಟಣೆ ಮುಗಿದು ಫ್ರೆಂಚ್ ಶುರುವಾದಾಗ ಅಮ್ಮ, "ಅವಲಕ್ಕಿ ಎಂದ ಹಾಗಾಯಿತಲ್ಲ?" ಎಂದಳು. ಅವರು ಹೇಳಿದ್ದು 'ಅವಲಾಂಶ್', ಅಂದರೆ ಹಿಮಕುಸಿತ. ಕೆಳಗಿನ ಕಣಿವೆಯಲ್ಲಿ ಹಿಮ ಕುಸಿಯುತ್ತಿತ್ತು.

ಆ ಊರಿಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲೇ ನಿಲ್ಲಿಸಬೇಕು. ಅಲ್ಲಿಂದ ಹೆಚ್ಚಿನವರಿಗೆ 1891ರ ಈ ಹಳಿಯೇ ಗತಿ. ಹಿಮಕುಸಿತದ ಎಚ್ಚರಿಕೆ ಐದರಲ್ಲಿ ಐದನೆಯ ಮಟ್ಟಕ್ಕೇರಿತ್ತು. ಸುಮಾರು 13,000 ಪ್ರವಾಸಿಗರು ಸಿಕ್ಕಿಬಿದ್ದಿದ್ದೆವು.

ಇಳಿಯಿರಿ ಎಂದ ಕೂಡಲೇ ನಾನು ಮೊದಲು ಮಾಡಿದ್ದು ಹಿಂದಿನ ರಾತ್ರಿ ತಂಗಿದ್ದ ಹೋಟೆಲಿಗೆ ಫೋನು. ಅದೇ ಕೋಣೆ ಸಿಕ್ಕಿತು. ಹತ್ತು ನಿಮಿಷ ತಡವಾಗಿದ್ದರೆ ಸಿಗುತ್ತಿತ್ತೋ ಇಲ್ಲವೋ. ಊಟಕ್ಕೆ ತೊಂದರೆಯಾಗಲಿಲ್ಲ. ಮನೆಯಿಂದ ಫೋನು ಮಾಡಿದವರೆಲ್ಲ ನಾವು ಉಪವಾಸವಿದ್ದೇವೆಂದೇ ನಂಬಿದ್ದರು!

ನಿಜವಾದ ಚಿಂತೆ ಬೇರೆಯಿತ್ತು. ಒಂದೇ ರಾತ್ರಿಯ ಮಾತು ಎಂದು ಪೆಟ್ಟಿಗೆಗಳನ್ನು ಕೆಳಗೆ ಫಿಸ್ಪ್ ನಿಲ್ದಾಣದ ಲಾಕರಿನಲ್ಲಿ ಇಟ್ಟು ಬಂದಿದ್ದೆವು. ಅಮ್ಮನ ರಕ್ತದೊತ್ತಡದ ಮಾತ್ರೆಯೂ ಅಲ್ಲಿಯೇ. ಕೈಚೀಲದಲ್ಲಿ ಉಳಿದದ್ದು ಮಾತ್ರೆಯ ಖಾಲಿ ಪಟ್ಟಿ, ಅದನ್ನೂ ಎಸೆಯುವವಳಿದ್ದಳು. ಔಷಧದ ಅಂಗಡಿಯಾಕೆಗೆ ನಮ್ಮ ಮಾತ್ರೆಯ ಬ್ರ್ಯಾಂಡ್ ಹೆಸರು ಗೊತ್ತಾಗಲಿಲ್ಲ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿದ್ದ 'ಆಮ್ಲೋಡಿಪಿನ್ 5' ಎಂಬುದನ್ನು ಉಗುರಿನಿಂದ ತೋರಿಸಿದೆ. ಆಕೆ ತಲೆಯಾಡಿಸಿ ಒಳಗೆ ಹೋದಳು. ಬ್ರ್ಯಾಂಡ್ ಊರೂರಿಗೆ ಬದಲಾಗುತ್ತದೆ, ಔಷಧದ ಮೂಲ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಬೆಟ್ಟದ ಕಡೆಯಿಂದ ಢಂ, ಢಂ ಎಂದು ಸದ್ದು. ಸಡಿಲ ಹಿಮವನ್ನು ತಾವೇ ಸಿಡಿಮದ್ದಿಟ್ಟು ಕೆಡವುತ್ತಾರಂತೆ, ಅದು ತನ್ನಷ್ಟಕ್ಕೆ ಬಿದ್ದು ಜನರನ್ನು ನುಂಗುವ ಮೊದಲು. ಹೆಲಿಕಾಪ್ಟರ್ ಸಾಗಾಟ ಶುರುವಾದಾಗ ಉದ್ದನೆಯ ಸಾಲು. ಅಪ್ಪ ಹೋಗೋಣವೆಂದು ಹಟ ಹಿಡಿದರು. ವಿಮಾನದ ಟಿಕೆಟಿಗೆ ಇನ್ನೂ ದಿನಗಳಿದ್ದವು, ಎಪ್ಪತ್ತು ದಾಟಿದವರನ್ನು ಆ ಚಳಿಯಲ್ಲಿ ನಿಲ್ಲಿಸಲು ನಾನು ಒಪ್ಪಲಿಲ್ಲ. ಅಂದು ಪೂರ್ತಿ ಅವರು ನನ್ನೊಡನೆ ಮಾತಾಡಲಿಲ್ಲ.

ಹಳಿ ತೆರವಾದ ಮೇಲೆ ರೈಲಿನಲ್ಲೇ ಇಳಿದೆವು. ಒಂದು ಕಡೆ ಕಿಟಕಿಯೆತ್ತರಕ್ಕೆ ಹಿಮದ ಗೋಡೆ, ಅದರೊಳಗಿಂದ ಮುರಿದ ಪೈನ್ ಕೊಂಬೆಯೊಂದು ಚಾಚಿಕೊಂಡಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ಫಿಸ್ಪ್‌ನಲ್ಲಿ ಲಾಕರಿನ ಹೆಚ್ಚುವರಿ ಬಾಡಿಗೆ ಕಟ್ಟಿ ಪೆಟ್ಟಿಗೆ ಹೊರತೆಗೆದೆ. ಅಮ್ಮ ಅಲ್ಲೇ, ಪ್ಲಾಟ್‌ಫಾರಂ ಮೇಲೆ, ಅದನ್ನು ಬಿಚ್ಚಿ ಮಾತ್ರೆಗಳನ್ನೆಲ್ಲ ಕೈಚೀಲಕ್ಕೆ ಸುರಿದುಕೊಂಡಳು.