ಸ್ಲೇಟು ಎತ್ತಿಟ್ಟು ಚಿಪ್ಪು ಕೊಟ್ಟೆ: ನನ್ನ ಅನುಭವ

ಕಾರವಾರದ ಮಾಜಾಳಿ ಕಡೆ, ಮೀನುಗಾರರ ಕೇರಿಯಲ್ಲಿ ನನ್ನ ಅಂಗನವಾಡಿ. ಈ ಜೂನ್‌ನಲ್ಲಿ ನನ್ನ ಒಂಬತ್ತು ಮಕ್ಕಳು ಒಂದನೇ ಕ್ಲಾಸಿಗೆ ಹೋದವು, ಒಂದೂ ಬಾಗಿಲಲ್ಲಿ ನಿಂತು ಅಳಲಿಲ್ಲ. ಅಲ್ಲಿನ ಟೀಚರ್ ತಾವೇ ಬಂದು, ಇವಕ್ಕೆ ಪೆನ್ಸಿಲ್ ಹಿಡಿಯೋಕೆ ಯಾರು ಕಲಿಸಿದ್ದು ಅಂತ ಕೇಳಿದರು. ಮೂರು ವರ್ಷ ಬೈಸಿಕೊಂಡವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಬೈದದ್ದು ಯಾಕೆಂದರೆ ಐದು ತುಂಬುವ ತನಕ ಬಳಪ ಕೊಡಲ್ಲ, ಕಪ್ಪೆಚಿಪ್ಪು ಎಣಿಸಲಿ, ದಾರಕ್ಕೆ ಪೋಣಿಸಲಿ ಅಂದೆ. ಪೇಟೆಯ ಎಲ್‌ಕೆಜಿಯಲ್ಲಿ ಎಬಿಸಿಡಿ ಬರೆಸುತ್ತಾರೆ, ನೀವು ಚಿಪ್ಪು ಆಡಿಸುತ್ತೀರಿ ಅಂತ ತಾಯಂದಿರಿಗೆ ಸಿಟ್ಟು. ಮೊದಲ ವರ್ಷ ಇಪ್ಪತ್ತೆರಡರಲ್ಲಿ ಏಳೆಂಟು ಮಕ್ಕಳು ಪೇಟೆ ಶಾಲೆಯ ವ್ಯಾನ್ ಹತ್ತಿದವು. ಹಾಜರಿ ಇಳಿದರೆ ಮೇಲಿನವರ ಮೀಟಿಂಗಿನಲ್ಲಿ ಏನಾಗುತ್ತೆ ಅಂತ ಅಂಗನವಾಡಿಯವರಿಗೆ ಹೇಳಬೇಕಾ?

ಕಾಳಿ ನದಿಯ ತಿಸ್ರೆ, ಅಂದರೆ ನಾವು ತಿನ್ನುವ ಕಪ್ಪೆಚಿಪ್ಪಿನ ಚಿಪ್ಪು, ಬಿಟ್ಟಿ ಸಿಗುತ್ತೆ. ಮೊದಲ ಬುಟ್ಟಿ ಸುಮ್ನೆ ತೊಳೆದಿಟ್ಟೆ. ಮೂರನೇ ದಿನಕ್ಕೆ ಇರುವೆ ಸಾಲು, ತಡೆಯಲಾಗದ ನಾತ, ಸಹಾಯಕಿ ಅಲ್ಲಿ ಅನ್ನ ಬಡಿಸಲ್ಲ ಅಂತ ಕೂತಳು. ಎರಡನೇ ಸಲ ಕುದಿಸಿ ಒಣಗಿಸಿದೆ, ಅಂಚಿಗೆ ಒಬ್ಬಳ ಬೆರಳು ಕುಯ್ಯಿತು. ಆಮೇಲೆ ಒಂದೊಂದನ್ನೂ ಕಲ್ಲಿಗೆ ತಿಕ್ಕಿ, ಬಡಗಿಯ ಹತ್ತಿರ ಸುಮಾರು ಇನ್ನೂರು ಚಿಪ್ಪಿಗೆ ತೂತು ಕೊರೆಸಿದೆ, ಮುನ್ನೂರು ರೂಪಾಯಿ ಆಯ್ತು. ನಡುವೆ ಹುಣಸೆ ಬೀಜ ತಂದಿದ್ದೆ, ಒಬ್ಬ ಮೂಗಿಗೆ ತುರುಕಿಕೊಂಡ. ರಿಕ್ಷಾ, ಡಾಕ್ಟರ್ ಸೇರಿ ನಾನೂರೈವತ್ತು ಹೋಯ್ತು. ಎಲ್ಲಾ ನನ್ನ ಗೌರವಧನದಿಂದಲೇ. ಮೂಗಿಗೆ ಹೋಗುವ ಯಾವುದನ್ನೂ ಈಗ ಇಡುವುದಿಲ್ಲ.

ಇನ್ನೊಂದು ತೊಡಕು ಭಾಷೆ. ಮನೆಯಲ್ಲಿ ಕೊಂಕಣಿ, ನಮ್ಮ ಅಂಗನವಾಡಿ ಪಠ್ಯ 'ಚಿಲಿಪಿಲಿ'ಯ ಹಾಡುಗಳೆಲ್ಲ ಕನ್ನಡ. ಮಕ್ಕಳು ಮುಖ ನೋಡುತ್ತಾ ಕೂರುತ್ತಿದ್ದವು. ಮೊದಲೆರಡು ತಿಂಗಳು ಕೊಂಕಣಿಯಲ್ಲೇ ಮಾತಾಡಿದೆ. ಏಕ್, ದೋನ್, ತೀನ್ ಅಂತ ಚಿಪ್ಪು ಎಣಿಸಿ, ಅದೇ ಚಿಪ್ಪನ್ನು ಒಂದು, ಎರಡು, ಮೂರು ಅಂತ ತಿರುಗಿ ಎಣಿಸಿದೆವು. ಮಳೆಗಾಲ ಮುಗಿಯುವಾಗ ಜಗಳವೂ ಕನ್ನಡದಲ್ಲಿ ಆಗತೊಡಗಿತು.

ಮೊದಲ ವಾರದ ಅಳುವಿಗೂ ಒಂದು ಉಪಾಯ ಇದೆ. ಅದನ್ನು ಬರೆಯಲ್ಲ, ಕೇಂದ್ರಕ್ಕೆ ಬಂದವರಿಗೆ ತೋರಿಸುತ್ತೇನೆ.

ಗಾಳಿ ತಿರುಗಿದ್ದು ಅಪ್ಪಂದಿರಿಂದ. ಜೂನ್, ಜುಲೈ 61 ದಿನ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಗಂಡಸರು ಮನೆಯಲ್ಲೇ ಬಲೆ ಹೊಲಿಯುತ್ತಾ ಕೂತಿರುತ್ತಾರೆ. ಒಬ್ಬನನ್ನು ಕರೆದು ಮಕ್ಕಳ ಮುಂದೆ ಕೂರಿಸಿದೆ. ನಾಲ್ಕು ವರ್ಷದ ಅವನ ಮಗಳು ನಾಲಿಗೆ ಹೊರಗೆ ಚಾಚಿ, ದಾರದ ತುದಿಯನ್ನು ಎಂಜಲು ಮಾಡಿ, ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಹಿಡಿದು ಚಿಪ್ಪಿನ ತೂತಿಗೆ ತೂರಿಸಿದಳು. ಅವನು ಸೂಜಿ ಕೆಳಗಿಟ್ಟು ನೋಡಿದ. ನಮ್ಮ ಕೈ ಹಿಡಿತವೇ ಅಲ್ವಾ ಇದು ಅಂದ. ಪೆನ್ಸಿಲಿಗೂ ಅದೇ ಹಿಡಿತ ಮಾರಾಯ, ಅಂದೆ. ಆ ಸಂಜೆಯೇ ಕೇರಿಯಲ್ಲೆಲ್ಲ ಅದೇ ಸುದ್ದಿ. ಅವಳು ಐದೂವರೆಗೆ ಪೆನ್ಸಿಲ್ ಹಿಡಿದು ಒಂದೂವರೆ ತಿಂಗಳಲ್ಲಿ ಇಪ್ಪತ್ತೈದು ಮೂವತ್ತು ಅಕ್ಷರ ಬರೆದಳು.

ಅಡುಗೆಮನೆ ಹಿಂದೆ ಬಸಳೆ ಬಳ್ಳಿ ಹಬ್ಬಿಸಿ ವಾರಕ್ಕೊಮ್ಮೆ ದಾರದಲ್ಲಿ ಅಳೆಸಿದ್ದೂ ಉಂಟು. ಐದನೇ ಅಳತೆಗೆ ಮೊದಲೇ ದನ ತಿಂದಿತು. ಬೇಲಿಗೆ ದುಡ್ಡು ಕೇಳಿದ್ದೇನೆ, ಅಂಗನವಾಡಿ ನೋಡಿಕೊಳ್ಳುವ ಊರವರ ಬಾಲವಿಕಾಸ ಸಮಿತಿ ಇನ್ನೂ ನೋಡೋಣ ಅನ್ನುತ್ತಿದೆ.

ವ್ಯಾನ್ ಹತ್ತಿದವರಲ್ಲಿ ಮೂವರು ವಾಪಸ್ ಬಂದಿದ್ದಾರೆ. ಒಬ್ಬನ ಅಮ್ಮ ಮಾತ್ರ ಈಗಲೂ ಚೀಲದಲ್ಲಿ ಕಾಪಿ ಪುಸ್ತಕ ಹಾಕಿ ಕಳಿಸುತ್ತಾಳೆ. ನಾನು ಅದನ್ನು ಕಪಾಟಿನಲ್ಲಿಟ್ಟು, ಸಂಜೆ ಹಾಗೇ ಚೀಲಕ್ಕೆ ಹಾಕುತ್ತೇನೆ.